ವಾಲದ ಗಾಡಿ

ನಿಂತಲ್ಲೇ ಬೀಳುವುದು ಸುಲಭದ ಕೆಲಸವಲ್ಲ. ಕನ್ನಡಕದ ಅಂಗಡಿಯ, ಬೀದಿಯವರ ಬಾಯಲ್ಲಿ 'ಟೂರಿಂಗ್ ಮಾಮ' ಆಗಿದ್ದವರು ಅದನ್ನೂ ಸಾಧಿಸಿದರು. ತಮ್ಮ ಮನೆಯ ಗೇಟಿನೆದುರೇ ಎಂಜಿನ್ ಆರಿಸಿ ಎಡಗಾಲು ಊರಿದಾಗ, ಮಂಡಿ ತನ್ನಿಂದಾಗದು ಎಂದುಬಿಟ್ಟಿತು. ದೂರಪ್ರಯಾಣದ ಆ ಭಾರಿ ಬೈಕು, ಮೇದು ಬಂದ ಎಮ್ಮೆ ಮಲಗುವಂತೆ, ಯಾವ ಆತುರವೂ ಇಲ್ಲದೆ ಪಕ್ಕಕ್ಕೆ ಒರಗಿತು. ಹಿಂದೆ ಕೂತಿದ್ದ ಹೆಂಡತಿ ಮರಳಿನ ಗುಡ್ಡೆಯ ಮೇಲೆ ಇಳಿದರು.

ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಓಡಿ ಬಂದು ಮೊದಲು ಆಕೆಯನ್ನು ಎಬ್ಬಿಸಿದರು, ಆಮೇಲೆ ಬೈಕನ್ನು, ಕೊನೆಗೆ ಮಾಮನನ್ನು. ಆ ಕ್ರಮದಲ್ಲಿ ತಪ್ಪೇನಿಲ್ಲವೆಂದು ಮಾಮನಿಗೂ ಅನ್ನಿಸಿತು.

"ಇನ್ನು ನಾನು ಇದರ ಮೇಲೆ ಕೂರಲ್ಲ. ಮಾರಿಬಿಡಿ," ಎಂದರು ಹೆಂಡತಿ, ಮರಳು ಕೊಡವಿಕೊಳ್ಳುತ್ತ.

"ತಪ್ಪು ನಿಂದೇ ಕಣೇ. ಮೂವತ್ತು ವರ್ಷದಿಂದ ಬಡ್ಕೊಳ್ತಿದೀನಿ, ತಿರುವಿನಲ್ಲಿ ನನ್ ಜೊತೆ ವಾಲು ಅಂತ. ನೀನು ಗೋಣಿಚೀಲದ ಥರ ನೆಟ್ಟಗೆ ಕೂತಿರ್ತೀಯ."

"ನಿಂತ ಗಾಡಿಗೆ ಎಲ್ರೀ ತಿರುವು?"

ಮಾಮ ಬೈಕಿನ ಧೂಳು ಒರೆಸತೊಡಗಿದರು. ಮಾರಲು ಅವರಿಗೆ ಮನಸ್ಸಿರಲಿಲ್ಲ. ಮದುವೆಯಾದ ವರ್ಷ ಹೆಂಡತಿಗೆ ಸಮುದ್ರದಂಚಿನ ದೀಪಸ್ತಂಭ ತೋರಿಸುತ್ತೇನೆಂದು ಹೊರಟು, ಅರ್ಧ ದಾರಿಯಲ್ಲಿ ಪಂಕ್ಚರ್ ಆಗಿ, ಲಾರಿಯೊಂದರಲ್ಲಿ ಬೈಕು ಹೇರಿಕೊಂಡು ವಾಪಸಾಗಿದ್ದರು. ಅಲ್ಲಿಂದೀಚೆಗೆ ಆ ಟೂರಿಂಗ್ ಬೈಕು ಮಾಡಿದ ಟೂರೆಂದರೆ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ. ಒಮ್ಮೆಯಾದರೂ ಆಕೆಗೆ ಆ ದೀಪಸ್ತಂಭ ತೋರಿಸದೆ ಬೈಕು ಕೈಬಿಡುವುದು ಹೇಗೆ? ಎರಡು ಚಕ್ರದ ಮೇಲೆ ನಿಲ್ಲದಿದ್ದರೆ ಮೂರರ ಮೇಲೆ ನಿಲ್ಲಿಸೋಣ ಎಂದುಕೊಂಡರು.

ಮೂರು ಚಕ್ರ ಮಾಡುವ ಸಿದ್ಧ ಸಾಮಾನಿನ ಬೆಲೆ ಕೇಳಿದರೆ ಅದು ಬೈಕಿನ ಬೆಲೆಯನ್ನೇ ಮೀರಿತ್ತು. ಹಾಗಾಗಿ ಗುಜರಿಯವನ ಬಳಿ ಹೋದರು. ಆತ ಹಳೆಯ ಲಗೇಜ್ ಆಟೊದ ಹಿಂದಿನ ಆಕ್ಸೆಲನ್ನು ಚಕ್ರಗಳ ಸಮೇತ ಬಿಟ್ಟಿಯಾಗಿಯೇ ಕೊಟ್ಟ. "ಆಗ್ಲಿಲ್ಲ ಅಂದ್ರೆ ಬೈಕೂ ಸೇರಿಸಿ ನಂಗೇ ಕೊಟ್ಬಿಡಿ ಸಾರ್," ಎಂದಷ್ಟೇ ಕೇಳಿದ. ಚಕ್ರಗಳ ಮಡ್‌ಗಾರ್ಡು ಕೆಟ್ಟ ವಾಷಿಂಗ್ ಮಷೀನಿನ ತಗಡಿನಿಂದ ಹುಟ್ಟಿತು. ಹೆಂಡತಿಗೆಂದು ಹಿಂದುಗಡೆ, ಮುಚ್ಚಿಹೋದ ಸಿನಿಮಾ ಮಂದಿರದ ಮೆತ್ತನೆಯ ಕೆಂಪು ಕುರ್ಚಿ ಕೂರಿಸಿದರು. ಅದರ ಬೆನ್ನಿನ ಮೇಲೆ 'ಜಿ 14' ಎಂಬ ಸೀಟು ಸಂಖ್ಯೆಯ ಹಿತ್ತಾಳೆ ಬಿಲ್ಲೆ ಹಾಗೇ ಇತ್ತು. ಕನ್ನಡಕದ ಫ್ರೇಮು ಅಳೆಯುವ ಪುಟ್ಟ ಸ್ಕೇಲಿನಿಂದಲೇ ಮಾಮ ಎಲ್ಲವನ್ನೂ ಅಳೆಯುತ್ತಿದ್ದುದನ್ನು ಕಂಡು ವೆಲ್ಡಿಂಗಿನವನು ಎರಡು ಸಲ ಹೊರಗೆ ಹೋಗಿ ನಕ್ಕು ಬಂದ.

ಐದನೆಯ ಭಾನುವಾರ ಗಾಡಿ ಸಿದ್ಧವಾಯಿತು. ಹೆಂಡತಿ ಆಸ್ಪತ್ರೆಯ ಅಡುಗೆಮನೆಯ ಕೆಲಸ ಮುಗಿಸಿ ಮಧ್ಯಾಹ್ನ ನಾಲ್ಕಕ್ಕೆ ಬಂದರು. ಇಪ್ಪತ್ತಾರು ವರ್ಷದಿಂದ ಅವರು ಅಲ್ಲಿ ರೋಗಿಗಳ ಊಟದ ಟ್ರಾಲಿ ತಳ್ಳುವವರು. ಗಾಡಿಯ ಸುತ್ತ ಒಂದು ಸಲ ನಡೆದು ಹೇಳಿದರು:

"ನಾಲ್ಕು ಎಡ ತಿರುವು ತಿರುಗಿ, ಬೀದಿ ಒಂದು ಸುತ್ತು ಹಾಕಿ, ಐದು ಗಂಟೆಯೊಳಗೆ ಇದು ಗೇಟಿಗೆ ವಾಪಸ್ ಬರ್ಬೇಕು. ಬಂದ್ರೆ ಇರ್ಲಿ. ಇಲ್ದಿದ್ರೆ ಗುಜರಿಗೆ."

ಗುಜರಿಯವನು ತಳ್ಳುಗಾಡಿ ತಂದು ಎದುರು ಬದಿಯಲ್ಲಿ ಆಗಲೇ ಕಾಯುತ್ತಿದ್ದ. ಬೇಸರಪಡಬಾರದೆಂದು ಮಾಮನಿಗೆ ತನ್ನ ಬಾಟಲಿಯ ನೀರನ್ನೂ ಕೊಟ್ಟ.

ಮಾಮ ಹೆಲ್ಮೆಟ್ ಹಾಕಿ ಹೊರಟರು. ಮೊದಲ ತಿರುವು ಬಂತು. ಮೂವತ್ತು ವರ್ಷದ ಅಭ್ಯಾಸದಂತೆ ಸೊಗಸಾಗಿ ಎಡಕ್ಕೆ ವಾಲಿದರು. ಮಾಮ ವಾಲಿದರು, ಗಾಡಿ ವಾಲಲಿಲ್ಲ. ಅದು ಮೂರು ಚಕ್ರಗಳ ಮೇಲೆ ಮಂಚದಂತೆ ನೆಟ್ಟಗೆ ಹೋಗಿ ಬಸ್ ಡ್ರೈವರ್ ಸಾಕಿದ್ದ ಬೇಲಿಯ ಗಿಡಗಳೊಳಗೆ ನುಗ್ಗಿತು.

"ಹ್ಯಾಂಡಲ್ ತಿರುಗಿಸ್ರೀ, ಸೊಂಟ ಅಲ್ಲ!" ಎಂದು ಡ್ರೈವರ್ ಕೂಗಿದರು. ಆದರೂ ಗಿಡದ ಬಗ್ಗೆ ಒಂದು ಮಾತನ್ನೂ ಆಡದೆ ಗಾಡಿಯನ್ನು ಹಿಂದಕ್ಕೆಳೆದು ಕೊಟ್ಟರು.

ಎರಡನೆಯ ಸಲ ಮಾಮ ವಾಲಲಿಲ್ಲ. ಆದರೆ ಎಡಕ್ಕೆ ಹೋಗಬೇಕೆಂದರೆ ಎಡಗಡೆಯ ಹಿಡಿಯನ್ನು ಮುಂದಕ್ಕೊತ್ತುವುದು ಹಳೆಯ ಬೈಕಿನವರ ಕೈಗೆ ಅಂಟಿದ ಚಾಳಿ. ಒತ್ತಿದರು. ಎರಡು ಚಕ್ರದ್ದಾಗಿದ್ದರೆ ಎಡಕ್ಕೆ ವಾಲಿ ತಿರುಗುತ್ತಿತ್ತು; ವಾಲಲು ಬಾರದ ಈ ಗಾಡಿ ಹ್ಯಾಂಡಲ್ ತಿರುಗಿದ ಬಲಕ್ಕೇ ಹೊರಳಿ, ರಸ್ತೆ ದಾಟಿ, ಹೇಳಿ ಕಳಿಸಿದಂತೆ ಹೋಗಿ ಗುಜರಿಯವನ ತಳ್ಳುಗಾಡಿಗೆ ಮುತ್ತಿಟ್ಟು ನಿಂತಿತು.

"ಅದಕ್ಕೇ ಗೊತ್ತಾಯ್ತು ನೋಡಿ ಸಾರ್, ಎಲ್ಲಿಗೆ ಹೋಗ್ಬೇಕು ಅಂತ," ಎಂದ ಗುಜರಿಯವನು ಮೆಲ್ಲಗೆ.

ಗಂಟೆ ನಾಲ್ಕೂಮುಕ್ಕಾಲು. ಮಾಮ ಹೆಲ್ಮೆಟ್ ತೆಗೆದು ರಸ್ತೆಯಂಚಿನ ಕಲ್ಲಿನ ಮೇಲೆ ಕೂತರು. ತಪ್ಪು ಮಂಡಿಯದೂ ಅಲ್ಲ, ಚಕ್ರದ್ದೂ ಅಲ್ಲ, ಓಡಿಸುವವನದು ಎಂಬುದು ಅವರಿಗೆ ಕೊನೆಗೂ ಕಾಣಿಸಿತ್ತು. ಅದಕ್ಕೆ ಅವರಂಗಡಿಯಲ್ಲಿ ಕನ್ನಡಕವಿರಲಿಲ್ಲ.

ಹೆಂಡತಿ ಗೇಟಿನಿಂದ ನೋಡುತ್ತಿದ್ದವರು ಹತ್ತಿರ ಬಂದರು. ಗಂಡನ ಮುಖ ನೋಡಿ, ನೆಲದ ಮೇಲಿದ್ದ ಹೆಲ್ಮೆಟ್ ಎತ್ತಿ ತಾವೇ ಹಾಕಿಕೊಂಡರು.

"ಏನು ಮಾಡ್ತಿದೀಯೇ?"

"ನೀವು ತುಂಬ ಕಷ್ಟಪಟ್ಟಿದೀರ, ಹಾಗೇ ಬಿಡೋಕೆ ಮನಸ್ಸಾಗ್ತಿಲ್ಲ. ಗಾಡಿ ಬರ್ಬೇಕು ಅಂದಿದ್ದೆ, ಯಾರು ತರ್ಬೇಕು ಅಂತ ಹೇಳಿರ್ಲಿಲ್ವಲ್ಲ. ಕ್ಲಚ್ ಯಾವ್ದು?"

ಡ್ರೈವರ್ ತೋರಿಸಿಕೊಟ್ಟರು. ಎಂಜಿನ್ ಎರಡು ಸಲ ಕೆಮ್ಮಿ ಆರಿತು. ಮೂರನೆಯ ಸಲ ಗಾಡಿ ಮಿಸುಕಿತು. "ಹಿಂದೆ ಸ್ವಲ್ಪ ಭಾರ ಇರ್ಲಿ ಅಕ್ಕ," ಎನ್ನುತ್ತ ಡ್ರೈವರ್ ಮಾಮನನ್ನು ಎಬ್ಬಿಸಿ ಕೆಂಪು ಕುರ್ಚಿಯಲ್ಲಿ ಕೂರಿಸಿದರು.

ಮೊದಲ ಗೇರಿನಲ್ಲೇ, ಬಿಸಿ ಸಾರಿನ ಟ್ರಾಲಿಯನ್ನು ವಾರ್ಡಿನಿಂದ ವಾರ್ಡಿಗೆ ಒಂದು ಹನಿ ಚೆಲ್ಲದೆ ಒಯ್ಯುವ ನಿಧಾನದಲ್ಲಿ ಆಕೆ ಹೊರಟರು. ತಿರುವು ಬಂದಾಗ ಹೋಗಬೇಕಾದ ಕಡೆಗೆ ಹ್ಯಾಂಡಲ್ ತಿರುಗಿಸಿದರು, ಅಷ್ಟೇ. ಬೆನ್ನು ಕಂಬದಂತೆ ನೆಟ್ಟಗಿತ್ತು. ಗಾಡಿ ಸಾಕಿದ ಕರುವಿನಂತೆ ತಿರುಗಿತು. ಹಿಂದೆ ಮಾಮ ಮಾತ್ರ ಅಭ್ಯಾಸ ಬಿಡದೆ ವಾಲಿದರು, ಗಾಡಿ ತುಸು ಅಲುಗಾಡಿತು.

"ರೀ, ಗೋಣಿಚೀಲದ ಥರ ನೆಟ್ಟಗೆ ಕೂತ್ಕೊಳ್ಳಿ!" ಎಂಬ ದನಿ ಮುಂದಿನಿಂದ ಬಂತು.

ನಾಲ್ಕೂ ತಿರುವು ಮುಗಿಸಿ ಐದಕ್ಕೆ ಎರಡು ನಿಮಿಷವಿರುವಾಗ ಗಾಡಿ ಗೇಟಿಗೆ ಬಂತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಗುಜರಿಯವನೇ. ಮಾಮ ಖುಷಿಯಿಂದ ಇಳಿದು, "ಉಳೀತು! ಮುಂದಿನ ಭಾನುವಾರ ದೀಪಸ್ತಂಭಕ್ಕೆ ಹೋಗೋಣ ಕಣೇ," ಎಂದರು.

"ಮುಂದಿನ ಭಾನುವಾರ ಬೇಡ. ಲೈಸೆನ್ಸ್ ಬರ್ಲಿ."

"ನನ್ ಹತ್ರ ಇದೆಯಲ್ಲ!"

"ನಿಮ್ದಲ್ಲ, ನಂದು," ಎಂದರು ಹೆಂಡತಿ, ಕೀಲಿ ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತ. "ನೀವು ಅಷ್ಟು ಚೆನ್ನಾಗಿ ಕುರ್ಚಿ ಮಾಡಿಸಿದೀರಲ್ಲ, ಆರಾಮಾಗಿ ಕೂತ್ಕೊಂಡು ಬನ್ನಿ."

ಮಾರನೆಯ ದಿನ ಮಾಮ ಮಂಡಿ ನೀವಿಕೊಳ್ಳುತ್ತ ಅಂಗಡಿಗೆ ನಡೆದುಕೊಂಡೇ ಹೋದರು. ಬೀದಿಯವರು ಟೂರಿಂಗ್ ಎಂಬ ಬಿರುದನ್ನು ರಾತ್ರೋರಾತ್ರಿ ಅವರ ಹೆಂಡತಿಗೆ ವರ್ಗಾಯಿಸಿದ್ದರು. ಮಾಮನನ್ನೂ ಬರಿಗೈಯಲ್ಲಿ ಬಿಟ್ಟಿರಲಿಲ್ಲ.

"ನಮಸ್ಕಾರ, ಜಿ ಹದಿನಾಲ್ಕು!" ಎಂದರು ಬಸ್ ಡ್ರೈವರ್, ಬೇಲಿಯ ಗಿಡಕ್ಕೆ ಊರುಗೋಲು ಕಟ್ಟುತ್ತ.