ಮರಳಿಯ ಗದ್ದೆಯಲ್ಲಿ ಮಾವನ ಗಾಲ್ಫ್

ಇಡೀ ಗಂಗಾವತಿ ತಾಲೂಕಿನಲ್ಲಿ ಗಾಲ್ಫ್ ಆಡುವ ಮನುಷ್ಯ ಒಬ್ಬನೇ, ಅವನು ಮರಳಿ ಊರಿನ ನನ್ನ ಸೋದರಮಾವ! ಅಲ್ಲ ಅಂತೀರಾ? ಇನ್ನೊಬ್ಬನನ್ನು ತೋರಿಸಿ, ಒಂದು ಪ್ಲೇಟು ಮಂಡಾಳ ಮಿರ್ಚಿ ನನ್ನ ಕಡೆಯಿಂದ.

ಕಾಲುವೆ ಕೆಲಸದಿಂದ ಮಾವ ನಿವೃತ್ತನಾದಾಗ ಹಳೆಯ ಸಾಹೇಬರೊಬ್ಬರು ಕಬ್ಬಿಣದ ಮೂತಿಯ ಗಾಲ್ಫ್ ಕೋಲನ್ನೂ ಎಂಟು ಚೆಂಡುಗಳನ್ನೂ ಕೊಟ್ಟಿದ್ದರು. ಎರಡು ವರ್ಷ ಅವು ಅಟ್ಟದ ಮೇಲಿದ್ದವು. ಕೆಳಗಿಳಿದದ್ದು ಯಾವಾಗ ಗೊತ್ತೇ? ಅತ್ತೆಯ ಮೊಣಕಾಲಿನ ಆಪರೇಷನ್ ಆದ ಮೇಲೆ! "ದಿನಾ ನಡೀದಿದ್ರ ಕಾಲು ಬಿಗೀತೈತಿ ನೋಡ್ರಿ" ಎಂದು ಕೊಪ್ಪಳದ ಡಾಕ್ಟರು ಹೆದರಿಸಿ ಕಳಿಸಿದ್ದರು. ಅತ್ತೆ ಕೇಳಬೇಕಲ್ಲ! "ಕೆಲಸಿಲ್ಲದ ಸುಮ್ಮನ ಅಡ್ಡಾಡಿದ್ರ ಮಂದಿ ಏನಂದಾರು?" ಎಂದು ಕಟ್ಟೆ ಬಿಟ್ಟು ಏಳಲೊಲ್ಲಳು. ಇಂಥ ಹೊತ್ತಿನಲ್ಲಿ ಈ ಮಹಾರಾಯ ಮನೆ ಮುಂದಿನ ಕೊಯ್ದ ಗದ್ದೆಗೆ ಆಟಕ್ಕೆ ಹೊರಟ! ನನಗೆ ಮೈಯೆಲ್ಲ ಉರಿಯಿತು.

ಆಟವಾದರೂ ಬರುತ್ತಿತ್ತೇ? ಕೋಲು ಮೊದಲು ಚೆಂಡಿಗೆ ತಾಗಿ, ಆಮೇಲೆ ನೆಲ ಕೆತ್ತಬೇಕಂತೆ. ಜೀವನವಿಡೀ ಸಲಿಕೆ ಹಿಡಿದ ಕೈ ಕೇಳುತ್ತದೆಯೇ? ಬೀಸಿದ್ದೆಲ್ಲ ನೆಲಕ್ಕೇ! ಹೆಂಟೆ ಹಾರಿ ಹೋಗುತ್ತಿತ್ತು, ಚೆಂಡು ನಾಲ್ಕು ಹೆಜ್ಜೆ ಉರುಳಿ ಕೂರುತ್ತಿತ್ತು. "ಬದು ಕಡಿಯಾಕ ಇಷ್ಟು ಸಣ್ಣ ಸಲಿಕಿ ಎಲ್ಲಿ ಸಿಕ್ತರೀ ಯಜಮಾನ್ರ?" ಎಂದು ಪಕ್ಕದ ಗದ್ದೆಯವರು ವಿಚಾರಿಸಿದರು.

ಮಾವ ಬಿಡುವ ಪೈಕಿಯೇ? ಅತ್ತೆಯ ರಂಗೋಲಿ ಡಬ್ಬಿ ಕದ್ದು ನೆಲಕ್ಕೊಂದು ಗೆರೆ ಎಳೆದ. ಚೆಂಡು ಗೆರೆಯ ಮೇಲೆ, ಮಣ್ಣು ಏಳಬೇಕಾದ್ದು ಗೆರೆಯಾಚೆ. ದಿನಾ ಬೆಳಿಗ್ಗೆ ಇದೇ ಪೂಜೆ!

"ಬಾಗಿಲಿಗೆ ರಂಗೋಲಿ ಇಲ್ಲ, ಗದ್ದಿಗೆ ರಂಗೋಲಿ! ಸಾಹೇಬ್ರು ಕೊಟ್ಟ ಚಂಡು ಕಳೀತೀರಿ ನೋಡ್ರಿ!" ಎಂದು ಅತ್ತೆ ಕೂಗುತ್ತಿದ್ದಳು. ಬರೀ ಕೂಗಿದರೆ ಸಮಾಧಾನವೆಲ್ಲಿ? ಊರುಗೋಲು ಹಿಡಿದು ಕುಂಟುತ್ತ ಹೋಗಿ ತಾನೇ ಆರಿಸಿ ತರುತ್ತಿದ್ದಳು.

ಮೊನ್ನೆ ಭಾನುವಾರ ನಾನು ಹೋದಾಗ "ಟಕ್" ಎಂದಿತು. ಎಂಥ ಹೊಡೆತ ಅಂತೀರಿ! ಗೆರೆಯಾಚೆ ರೊಟ್ಟಿಯಷ್ಟು ತೆಳ್ಳಗೆ ಮಣ್ಣು ಎದ್ದಿತ್ತು. ಚೆಂಡು ಗದ್ದೆ ದಾಟಿ ಬೇವಿನ ಮರದ ಬುಡಕ್ಕೆ ಹೋಗಿ ಬಿತ್ತು. ತರಲು ನಾನು ಓಡಿದೆ. ಮಾವ ಗಪ್ಪನೆ ನನ್ನ ರಟ್ಟೆ ಹಿಡಿದ.

"ನೀ ಕುಂದ್ರೋ. ಅಕಿ ಹೋಗ್ಲಿ."

"ಅಷ್ಟು ದೂರ ಹೆಂಗ ಹೋಗ್ತಾಳ ಮಾವಾ?"

"ಮೊದಲು ನಾಕ ಹೆಜ್ಜಿ ಹೋಗ್ತಿದ್ಲು. ನಾ ಛಲೋ ಹೊಡದಂಗೆಲ್ಲ ಅಕಿ ದೂರ ಹೋಗಾಕತ್ತಾಳ. ಮತ್ತ್ಯಾಕ ಮೂರು ತಿಂಗಳಿಂದ ಹಿಂಗ ಒದ್ದಾಡಾಕತ್ತೀನಿ ಅಂತಿ?"

ನನಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ಅತ್ತೆ ಬೈಯುತ್ತ ಬೈಯುತ್ತ ಆಗಲೇ ಅರ್ಧ ಗದ್ದೆ ದಾಟಿದ್ದಳು. ಆಗ ಕಂಡಿತು, ಅವಳ ಊರುಗೋಲು ಕಟ್ಟೆಯ ಮೇಲೇ ಉಳಿದಿತ್ತು! ಕೂಗಲು ಬಾಯಿ ತೆರೆದೆ. ಮಾವ ಅಂಗೈಯಿಂದ ನನ್ನ ಬಾಯಿ ಮುಚ್ಚಿದ.

"ಸುಮ್ಮನಿರೋ," ಎಂದ. "ನೆನಪಾದ್ರ ಅಲ್ಲೇ ಕುಂತುಬಿಡ್ತಾಳ."