ನಮ್ಮ ಭಾವನವರ ಬ್ರಾಕೆಟ್ಟುಗಳು

ನಮ್ಮ ಭಾವನವರು ಅಮೆರಿಕದಲ್ಲಿ ಬ್ರಾಕೆಟ್ ಹಾಕಿ ಹೊಟ್ಟೆ ಹೊರೆಯುತ್ತಾರೆ. ನಗಬೇಡಿ! ಅದೂ ಗೌರವಸ್ಥರ ಕಸುಬೇ. ನನ್ನ ಅಕ್ಕ ಮಿಷಿಗನ್ನಿನ ಆಬರ್ನ್ ಹಿಲ್ಸಿನಲ್ಲಿ ಕಾರುಗಳ ಬ್ರೇಕು ವಿನ್ಯಾಸ ಮಾಡಿ ಲೋಕದ ಪ್ರಾಣ ಉಳಿಸುತ್ತಿರುವಾಗ, ಆಕೆಯ ಪತಿದೇವರು ಫಾರ್ಮಿಂಗ್ಟನ್ ಹಿಲ್ಸಿನ ಮನೆಯ ಬೇಸ್‌ಮೆಂಟಿನಲ್ಲಿ ಕುಳಿತು ಅಕ್ಷರಗಳ ಸುತ್ತ ಬ್ರಾಕೆಟ್ ಹಾಕುತ್ತಾರೆ, ಅಳಿಸುತ್ತಾರೆ, ಮತ್ತೆ ಹಾಕುತ್ತಾರೆ.

ಅವರು ಗಣಿತದ ಪ್ರೊಫೆಸರು. ವಿಷಯ ಇಷ್ಟೇ. ಮೂರು ಸಂಖ್ಯೆಗಳನ್ನು ಗುಣಿಸುವಾಗ ಯಾವ ಜೋಡಿಯನ್ನು ಮೊದಲು ಸೇರಿಸಿದರೂ ಉತ್ತರ ಒಂದೇ ಎಂದು ನಾವೆಲ್ಲ ಮಗ್ಗಿಯ ಕಾಲದಿಂದ ನಂಬಿ ನೆಮ್ಮದಿಯಾಗಿದ್ದೇವೆ. ಭಾವನವರಿಗೆ ಪರರ ನೆಮ್ಮದಿ ಸಹಿಸದು. ಇಂಥ ಸಾಧು ಗುಣಾಕಾರಕ್ಕೆ ಅವರೊಂದು ಷರತ್ತು ಹಾಕುತ್ತಾರೆ: ಜೋಡಿಯಲ್ಲಿ ಎರಡನೆಯದು ಮೊದಲು ತಾನು ಬದಲಾಗಿ, ಆಮೇಲೆ ಬಂದು ಸೇರಬೇಕು. ತಗೊಳ್ಳಿ, ಸಾಧು ಕೆರಳಿತು! ಯಾರನ್ನು ಯಾರ ಜೊತೆ ಮೊದಲು ಕೂಡಿಸಿದಿರಿ ಎಂಬುದರ ಮೇಲೆ ಉತ್ತರವೇ ಬೇರೆ.

“ಇದರಿಂದ ಯಾರಿಗೇನು ಉಪಯೋಗ ಭಾವ?” ಎಂದೆ.

“ಅಡುಗೆಯವರನ್ನ ಕೇಳಯ್ಯ,” ಎಂದರು, ಪರಮ ಗಾಂಭೀರ್ಯದಿಂದ.

ಕೇಳಿದ್ದೇ ತಪ್ಪಾಯಿತು. ಬೇಳೆ ಬೆಂದಮೇಲೆ ಹುಣಸೆಹುಳಿ ಸೇರಿಸುವುದು ಒಂದು ಬ್ರಾಕೆಟ್, ಎರಡನ್ನೂ ಸೇರಿಸಿ ಬೇಯಿಸುವುದು ಇನ್ನೊಂದು. ವ್ಯತ್ಯಾಸ ಎಷ್ಟೆಂದು ತಿಳಿಯಲು ಅವರು ಭಾನುವಾರವೇ ಪ್ರಯೋಗಕ್ಕಿಳಿದರು. ಅಂದು ಊಟಕ್ಕೆ ಬಂದಿದ್ದವರು ವೆಸ್ಟ್ ಬ್ಲೂಮ್‌ಫೀಲ್ಡಿನ ಹಲ್ಲಿನ ಡಾಕ್ಟರು, ಧಾರವಾಡದ ಕಡೆಯವರು. ಹುಳಿಯಲ್ಲಿ ಮುಳುಗಿದ ಬೇಳೆ ಬೇಯುವುದುಂಟೆ? ಡಾಕ್ಟರು ಒಂದು ತುತ್ತು ಕಡಿದರು; ಕಟಕ್ ಎಂದಿತು. ದವಡೆ ಸವರಿಕೊಂಡು, “ಪ್ರೊಫೆಸರ್ ಸಾಹೇಬ್ರ, ಇಂಥಾ ಸಾರು ವಾರಕ್ಕೊಮ್ಮೆ ಮಾಡ್ರಿ. ನನ್ನ ಕ್ಲಿನಿಕ್ ಚಲೋ ನಡೀತದ!” ಎಂದರು.

ಭಾವನವರ ಮುಖ ಅರಳಿತು. ಸಿದ್ಧಾಂತಕ್ಕೆ ಸಾಕ್ಷಿ ಸಿಕ್ಕಿತ್ತಲ್ಲ!

ಹೀಗಿರುವಾಗ ಷಿಕಾಗೋದ ಒಂದು ವಿಶ್ವವಿದ್ಯಾಲಯ ಅವರನ್ನು ಸಂದರ್ಶನಕ್ಕೆ ಕರೆಯಿತು. ಅಲ್ಲಿ ಇವರಂತೆಯೇ ಬ್ರಾಕೆಟ್ಟಿನ ಹುಚ್ಚು ಹಿಡಿದವರು ಇನ್ನೂ ಕೆಲವರಿದ್ದರಂತೆ. ಇಲ್ಲಿಯ ಕಾಲೇಜಿನಲ್ಲಿ ನಿದ್ದೆಗಣ್ಣಿನ ಹುಡುಗರಿಗೆ ಪಾಠ ಹೇಳುವವರಿಗೆ ಅದು ಕೈಲಾಸವೇ. ಆದರೆ ಅಕ್ಕ? ಭಾವನವರ ಕೆಲಸ ಊರು ಬದಲಿಸಿದಾಗಲೆಲ್ಲ ತನ್ನ ಕೆಲಸ ಬಿಟ್ಟು ಜೊತೆಗೆ ಹೊರಟವಳು ಅವಳು. ಮಿಷಿಗನ್ನಿಗೆ ಬಂದಮೇಲೇ ಅವಳು ಕಾಲೂರಿದ್ದು. ಒಂದು ತಂಡದ ಮುಖ್ಯಸ್ಥೆಯಾಗಿ ಇನ್ನೂ ತಿಂಗಳಾಗಿರಲಿಲ್ಲ. ಷಿಕಾಗೋ ಒಲಿದರೆ ಅದೂ ಹೋಯಿತು!

ಮೂವರೂ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಕ್ಯಾಲಮಜೂ ಊರಿನ ಹತ್ತಿರ ಗ್ಯಾಸ್, ಎಂದರೆ ನಮ್ಮ ಪೆಟ್ರೋಲು, ಹಾಕಿಸಿದ್ದು ನೆನಪಿದೆ. ಆಮೇಲೆ ಹಿಂದಿನ ಸೀಟಿನಲ್ಲಿ ನನಗೆ ಜೋಂಪು. ಎಚ್ಚರವಾದಾಗ ಕಾರು ನಡೆಸುತ್ತಿದ್ದ ಭಾವನವರ ಪಕ್ಕದ ಸೀಟು ಖಾಲಿ.

“ಭಾವ, ಅಕ್ಕ ಎಲ್ಲಿ?”

“ಹಿಂದೆ ಮಲಗಿದಾಳಲ್ಲ.”

“ಹಿಂದೆ ಮಲಗಿದ್ದು ನಾನು!”

ಮುಂದಿನ ಎಕ್ಸಿಟ್ಟಿನಲ್ಲಿ ಕಾರು ಹಿಂದಕ್ಕೆ ತಿರುಗಿತು. ಅಕ್ಕ ಗ್ಯಾಸ್ ಸ್ಟೇಷನ್ನಿನ ಬಾಗಿಲಲ್ಲಿ ಎರಡು ಕಾಫಿ ಲೋಟ ಹಿಡಿದು ನಿಂತಿದ್ದಳು. ಜಗಳವಾಡಲಿಲ್ಲ. “ಇಷ್ಟು ವರ್ಷ ನೀವು ಹೋದ ಕಡೆಯೆಲ್ಲ ನಾನು ಬಂದಿದೀನಿ,” ಎಂದಳು. “ಇವತ್ತೊಂದಿನ ನಾನಿದ್ದ ಕಡೆ ನೀವು ಬಂದ್ರಿ. ತಗೊಳ್ಳಿ, ಕಾಫಿ ಆರಿದೆ.”

ಷಿಕಾಗೋ ತಲುಪುವವರೆಗೂ ಭಾವನವರು ಒಂದೇ ಒಂದು ಬ್ರಾಕೆಟ್ ಸುದ್ದಿ ಎತ್ತಲಿಲ್ಲ. ಜ್ವರವಿರಬಹುದೆಂದು ನಾನು ಹೆದರಿದೆ.

ಕೆಲಸ ಸಿಕ್ಕೇಬಿಟ್ಟಿತು! ಸುದ್ದಿ ಬಂದ ವಾರವೇ ಅಕ್ಕ ಯಾರಿಗೂ ಹೇಳದೆ ಪಟೇಲರ ದಿನಸಿ ಅಂಗಡಿಯಿಂದ ಖಾಲಿ ರಟ್ಟಿನ ಡಬ್ಬಗಳನ್ನು ತಂದು ಗರಾಜಿನಲ್ಲಿ ಪೇರಿಸಿದಳು. ಮನೆ ಖಾಲಿ ಮಾಡುವುದರಲ್ಲಿ ಅವಳಿಗಿದ್ದ ಅನುಭವ ಸಾಮಾನು ಸಾಗಿಸುವ ಯಾವ ಮೂವರ್ಸ್ ಕಂಪನಿಗೂ ಇಲ್ಲ. ಶನಿವಾರ ನಾನು ಹೋದಾಗ ಭಾವನವರು ಅದೇ ಗರಾಜಿನಲ್ಲಿ ಕುಕ್ಕರಗಾಲಲ್ಲಿ ಕೂತು, ಆ ಡಬ್ಬಗಳನ್ನು ಒಂದೊಂದಾಗಿ ಬಿಚ್ಚಿ ಚಪ್ಪಟೆ ಮಾಡುತ್ತಿದ್ದರು.

“ಇದೇನು ಭಾವ, ಹೊಸ ಪ್ರಮೇಯವೇ?”

“ಹಳೇದು ಕಣಯ್ಯ. ಮೊದಲನೇ ವರ್ಷದ ಹುಡುಗರಿಗೂ ಗೊತ್ತು. ಎರಡು ಸೇರಿದ್ದು ಬದಲಾಗಬೇಕಾದ್ರೆ, ಒಂದ್ಸಲ ಒಂದು ಬದಲಾಗಬೇಕು, ಇನ್ನೊಂದು ಹಾಗೇ ನಿಂತಿರಬೇಕು. ಆಮೇಲೆ ಇನ್ನೊಂದರ ಸರದಿ. ಎರಡನ್ನೂ ಕೂಡಿಸಿದ್ರೇನೇ ಲೆಕ್ಕ ಪೂರ್ತಿ.” ಟೇಪು ಕಿತ್ತರು. “ಪ್ರತೀ ಸಲ ನಿಮ್ಮಕ್ಕನೇ ಬದಲಾದ್ಲು. ನಾನು ಅರ್ಧ ಲೆಕ್ಕ ಬರೆದು ಪೂರ್ತಿ ಮಾರ್ಕ್ಸ್ ತಗೊಂಡು ಕೂತಿದ್ದೆ. ಷಿಕಾಗೋದವರಿಗೆ ಬರೋಲ್ಲ ಅಂತ ಹೇಳಿಬಿಟ್ಟೆ.”

ಬೆನ್ನ ಹಿಂದೆ ಬಾಗಿಲು ಕಿರ್ರೆಂದಿತು. ಅಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ! ಅಡುಗೆಮನೆಗೆ ಹೊರಟುಹೋದಳು. ಭಾವನವರು ಅಪರಾಧಿಯಂತೆ ಹಿಂಬಾಲಿಸಿ, ಏನು ಮಾಡಲೂ ತೋಚದೆ ಹುಣಸೆಹುಳಿಯ ಬಟ್ಟಲನ್ನು ಕೈಗೆತ್ತಿಕೊಂಡರು.

“ಇದನ್ನ ಹಾಕಲಾ?”

“ಬೇಳೆ ಬೇಯ್ಲಿ ಇರಿ,” ಎಂದಳು ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಅಲ್ಲೀವರೆಗೂ ಸುಮ್ನೆ ನನ್ನ ಪಕ್ಕ ನಿಂತಿರಿ.”

ಬಟ್ಟಲು ಹಿಡಿದುಕೊಂಡೇ ನಿಂತರು. ಕುಕ್ಕರ್ ಕೂಗಿತು, ಅವರು ಕದಲಲಿಲ್ಲ.