ಚಿಕ್ಕಪ್ಪ ಪುಸ್ತಕ ಮುಚ್ಚುವ ಜಾಗ

ಮುಳಬಾಗಿಲಿನಲ್ಲಿ ಅತಿ ಹೆಚ್ಚು ಜನರನ್ನು ಉಪವಾಸ ಕೆಡವಿದವರು ಯಾರು ಎಂದು ಕೇಳಿದರೆ, ನಮ್ಮ ಚಿಕ್ಕಪ್ಪ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಅವರೇನೂ ಸತ್ಯಾಗ್ರಹಿಯಲ್ಲ. ಕಾದಂಬರಿ ಓದುತ್ತಿದ್ದರು, ಅಷ್ಟೇ!

ಯೌವನದಲ್ಲಿ ಪುರಾಣ ವಾಚನ ಮಾಡಿ ಪಳಗಿದ ಗಂಟಲು ಅವರದು. ವಾಚನಕ್ಕೊಂದು ಕಟ್ಟುಪಾಡುಂಟು. ಯಾರೋ ಸತ್ತ ಕಡೆ, ಯಾರೋ ಅತ್ತ ಕಡೆ ಪುಸ್ತಕ ಮುಚ್ಚುವಂತಿಲ್ಲ. ಮದುವೆಯೋ ಪಟ್ಟಾಭಿಷೇಕವೋ, ಏನಾದರೊಂದು ಶುಭ ಬರುವ ತನಕ ಓದಿಯೇ ನಿಲ್ಲಿಸಬೇಕು; ಅಲ್ಲಿಯವರೆಗೆ ಕೇಳುವವರೂ ಊಟಕ್ಕೆ ಏಳುವಂತಿಲ್ಲ. ಪುರಾಣದಲ್ಲಿ ಇದೇನು ಕಷ್ಟ? ಹತ್ತು ಪದ್ಯಕ್ಕೊಮ್ಮೆ ಹೂಮಳೆ ಸುರಿಯುತ್ತದೆ. ಬೆಂಗಳೂರಿನಿಂದ ಬರತೊಡಗಿದ ಹೊಸ ಕಾದಂಬರಿಗಳಿಗೂ ಚಿಕ್ಕಪ್ಪ ಅದೇ ನಿಯಮ ಹಚ್ಚಿದರು!

ಒಂದು ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ದೆವ್ವದ ಕಾದಂಬರಿ ಶುರುವಾಯಿತು. ಮೂರನೆಯ ಅಧ್ಯಾಯದಲ್ಲಿ ಹೆಣ, ನಾಲ್ಕರಲ್ಲಿ ಹೆಣ ಕಾಣೆ, ಐದರಲ್ಲಿ ಅದೇ ಹೆಣ ಅಡುಗೆಮನೆಯಲ್ಲಿ! ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ, ಎರಡೂಕಾಲಾಗಿತ್ತು. ಶುಭವೆಲ್ಲಿ? ಎದುರು ಮನೆಯ ದರ್ಜಿ ಸಾಹೇಬರು ಕೊನೆಗೆ ಕೈಮುಗಿದರು. "ದೆವ್ವ ಆದ್ರೂ ಬಿಡ್ತದೆ ಸ್ವಾಮಿ, ನೀವು ಬಿಡಲ್ಲ." ಚಿಕ್ಕಪ್ಪ ಗಡಿಬಿಡಿಯಿಂದ ಪುಟ ತಿರುವಿ, ದೆವ್ವ ಹಿಡಿದವಳು ಒಂದು ಲೋಟ ಹಾಲು ಕುಡಿದಳೆಂಬ ಸಾಲು ಹುಡುಕಿ, ಅದನ್ನೇ ಎರಡು ಸಲ ರಾಗವಾಗಿ ಓದಿ ಮಂಗಳ ಹಾಡಿದರು.

ದೆವ್ವದ ಭಯ ಅವರಿಗಿರಲಿಲ್ಲ. ಅದು ಬಾಗಿಲು ತಟ್ಟಿ ಒಳಗೆ ಬರುತ್ತದೆ, ಅಷ್ಟು ಮರ್ಯಾದೆ ನಮ್ಮ ನೆಂಟರಿಗೂ ಇಲ್ಲವೆಂದು ಅದನ್ನು ಹೊಗಳುತ್ತಿದ್ದರು. ಬೆವರುತ್ತಿದ್ದದ್ದು ಪ್ರೇಮದ ಕಾದಂಬರಿಗೆ! ನಾಯಕ ತೋಟದಲ್ಲಿ ನಾಯಕಿಯ ಕೈ ಹಿಡಿದನೋ, ಇವರ ಧ್ವನಿ ಪಿಸುಮಾತಾಗುತ್ತಿತ್ತು. ಯಾರಾದರೂ ಬರುತ್ತಿದ್ದಾರೆಯೇ ಎಂದು ಬೀದಿಯ ಎರಡೂ ಕಡೆ ನೋಡುತ್ತಿದ್ದರು. ಆಮೇಲೆ ಕೋಪ. ಜಾತಕ ಕೂಡಿದೆ, ಮಾವನೂ ಒಪ್ಪಿದ್ದಾನೆ. ಮತ್ತೇಕೆ ಇನ್ನೂರು ಪುಟ ನಿಟ್ಟುಸಿರು? ಒಳಗಿನಿಂದ ಮಾಲೂರು ತವರಿನ ಚಿಕ್ಕಮ್ಮನ ದನಿ ಬರುತ್ತಿತ್ತು: "ಬೇಗ ತಾಳಿ ಕಟ್ಟಿಸ್ರೀ, ಸಾರು ಆರಿಹೋಗ್ತಿದೆ."

ಯುದ್ಧದ ಕಾಲದಲ್ಲಿ ಆ ಚಿಕ್ಕಮ್ಮ, ಹೊಟ್ಟೆಯಲ್ಲಿ ಗಡ್ಡೆ ಎಂದು ಕೋಲಾರದ ಆಸ್ಪತ್ರೆ ಸೇರಿದರು. ಚಿಕ್ಕಪ್ಪ ದಿನವೂ, ಪೆಟ್ರೋಲಿಗೆ ಬರವಾಗಿ ಇದ್ದಿಲಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಮಸಿ ಹಿಡಿದು ಹೋಗಿ, ಮಂಚದ ಪಕ್ಕ ಕೂತು ಓದುತ್ತಿದ್ದರು. ಐದಕ್ಕೆ ಗಂಟೆ ಹೊಡೆದರೆ ಹೊರಡಬೇಕು. ಶುಭ ಬಾರದೆ ಇವರು ಏಳುವರೇ? ಶ್ರೀನಿವಾಸಪುರದ ಕಡೆಯ ನರ್ಸಮ್ಮ ಮೊದಲ ದಿನ ಗದರಿಸಿದಳು. ಮೂರನೆಯ ದಿನ, "ಪಾಪಂ, ಆ ಹುಡುಗಿಗೆ ಕಾಗದ ಸಿಕ್ತಾ?" ಎಂದು ತಾನೇ ಬಂದು ನಿಂತಳು.

ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ನಾನೂ ಅಲ್ಲಿದ್ದೆ. ಉಳಿಯುತ್ತಾರೆಂದು ಮಾತು ಕೊಡಲಾರೆ ಎಂದಿದ್ದರು ಡಾಕ್ಟರು. ಅದು ಚಿಕ್ಕಮ್ಮನಿಗೂ ಗೊತ್ತಿತ್ತು. ಅಂದಿನ ಕಾದಂಬರಿ ಪ್ರೇಮ, ದೆವ್ವ ಎರಡೂ ಬೆರೆತದ್ದು. ನಾಯಕಿ ಬಾವಿಕಟ್ಟೆ ಹತ್ತಿದಳು, ಗಂಟೆ ಹೊಡೆಯಿತು. ಚಿಕ್ಕಪ್ಪ ಮುಂದಿನ ಪುಟ ನೋಡಿದರು, ಹಾರಿದ್ದಳು. ಅದರ ಮುಂದಿನದು ನೋಡಿದರು; ದೆವ್ವವಾಗಿದ್ದಳು. ನರ್ಸಮ್ಮ ಉಳಿದ ಮಂಚಗಳ ಕಡೆಯವರನ್ನಷ್ಟೇ ಹೊರಡಿಸಿದಳು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಓದಿದರು. "ಅಷ್ಟರಲ್ಲಿ ಮುಳಬಾಗಿಲಿನಿಂದ ಗಂಡಿನ ಕಡೆಯ ಗಾಡಿಗಳು ಮಾಲೂರಿಗೆ ಬಂದವು. ಪೇಟ ದೊಡ್ಡದಾಗಿ ಗಂಡಿನ ಕಣ್ಣೇ ಮುಚ್ಚಿತ್ತು. ಹುಡುಗಿ ಹಸಿರು ಸೀರೆ ಉಟ್ಟು..."

ನಾನು ಬಗ್ಗಿ ನೋಡಿದೆ. ಆ ಪುಟದಲ್ಲಿ ಗಾಡಿಯೂ ಇರಲಿಲ್ಲ, ಮಾಲೂರೂ ಇರಲಿಲ್ಲ.

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಹಸಿರಲ್ಲ ಕಣ್ರೀ. ಅರಿಶಿನದ ಬಣ್ಣ."

"ಅಚ್ಚಿನ ತಪ್ಪು ಕಣೇ," ಎಂದರು ಚಿಕ್ಕಪ್ಪ. ಸೀರೆ ತಿದ್ದಿದರು, ತಾಳಿ ಕಟ್ಟಿಸಿದರು, ಪುಸ್ತಕ ಮುಚ್ಚಿದರು.